ಒಂದೇ ನಾಟಕ, ಎಷ್ಟು ಪ್ರಯೋಗ? ಊಹಿಸಿ ನೋಡೋಣ!

ಬನಶಂಕರಿ ಜಾತ್ರೆ ನೋಡಿದ್ದೀರಾ? ಬಾದಾಮಿಯಿಂದ ಬರೀ 5 ಕಿಲೋಮೀಟರ್, ಚೊಳಚಗುಡ್ಡ. ಬನದ ಹುಣ್ಣಿಮೆಗೆ ತೇರು ಎಳೆದರೆ ಜಾತ್ರೆ ಮುಗಿಯಿತು ಅಂದುಕೊಂಡಿರಾ? ಇಲ್ಲವೇ ಇಲ್ಲ! ಅಸಲಿ ಗದ್ದಲ ಶುರುವಾಗುವುದೇ ಆಮೇಲೆ.

ಒಂದು ಕಡೆ ಕೆತ್ತನೆಯ ಬಾಗಿಲು, ಚೌಕಟ್ಟುಗಳ ವ್ಯಾಪಾರ. ಇನ್ನೊಂದು ಕಡೆ? ತಗಡಿನ ಥಿಯೇಟರುಗಳು! ಸಾಲುಸಾಲು ನಾಟಕ ಕಂಪನಿಗಳು! ಮೈಕಿನಲ್ಲಿ ಕೂಗು, ಬಣ್ಣದ ಬೋರ್ಡು, ಕಣ್ಣು ಕುಕ್ಕುವ ದೀಪ. ರಾತ್ರಿಯೆಲ್ಲಾ ಆಟ. ಜನ ಟಿಕೆಟ್ ಕೊಂಡರೆ ಒಲೆ ಉರಿಯುತ್ತದೆ, ಕೊಳ್ಳದಿದ್ದರೆ ಡೇರೆ ಕೀಳಬೇಕು. ಅಷ್ಟೇ ಲೆಕ್ಕ.

ಈ ಡೇರೆಗಳಿಂದ ಏನೇನು ಹೊರಟಿದೆ ಗೊತ್ತೇ? ಹುನಗುಂದ ಸೀಮೆಯ ಧುತ್ತರಗಿ ಅವರು ಕಂಪನಿಗಾಗಿ ಒಂದು ನಾಟಕ ಬರೆದರು. ಹೆಸರೇ ಕಾಲು ಕೆದರಿ ಜಗಳಕ್ಕೆ ಕರೆಯುವಂಥದ್ದು: ‘ಸಂಪತ್ತಿಗೆ ಸವಾಲ್’! 1974ರಲ್ಲಿ ಅದು ಸಿನಿಮಾ ಆಯಿತು. ನಾಯಕ ರಾಜಕುಮಾರ್. ಎಮ್ಮೆಯ ಮೇಲೆ ಕೂತು ಅವರು ಹಾಡಿದ ಆ ಹಾಡು ನೆನಪಾಯಿತೇ? ರಾಜ್ ಖಾಯಂ ಗಾಯಕರಾದದ್ದು ಅಲ್ಲಿಂದಲೇ! ತಗಡಿನ ಥಿಯೇಟರಿನ ಕಥೆಯೊಂದು ನಾಡಿಗೆ ಗಾಯಕನನ್ನು ಕೊಟ್ಟಿತು!

ತಡೆಯಿರಿ, ನಾನು ಹೇಳಹೊರಟದ್ದು ಇನ್ನೂ ದೊಡ್ಡದು.

ಇದೇ ಕಂಪನಿ ಪರಂಪರೆಯಲ್ಲಿ ಒಬ್ಬರಿದ್ದರು. ಹೆಸರು ನರಸಿಂಹಮೂರ್ತಿ. ಯಾರೆಂದು ಹೊಳೆಯಲಿಲ್ಲವೇ? ಸುಳಿವು ಕೊಡುತ್ತೇನೆ. ಹುಟ್ಟಿದ್ದು 1934, ಮೈಸೂರು. ಸ್ವಂತ ಮಂಡಳಿ. ಬಾಯಿಗೆ ಬೀಗವಿಲ್ಲ! ಮುಂದಿನ ಸಾಲಿನಲ್ಲಿ ಮಂತ್ರಿ ಕೂತಿದ್ದರೂ ಸರಿಯೇ, ಎದುರಿಗೇ ಝಾಡಿಸುವುದು!

ಹೌದು, ಮಾಸ್ಟರ್ ಹಿರಣ್ಣಯ್ಯ!

ತಂದೆ ಕೆ. ಹಿರಣ್ಣಯ್ಯ ಸಾಮಾನ್ಯರೇ? 1943ರಲ್ಲಿ ‘ವಾಣಿ’ ಚಿತ್ರ ನಿರ್ದೇಶಿಸಿದವರು. ದುಡ್ಡು ಹಾಕಿದ್ದು ಯಾರು ಗೊತ್ತೇ? ಪಿಟೀಲು ಚೌಡಯ್ಯ! ಪಂಡರಿಬಾಯಿ ತೆರೆಗೆ ಬಂದದ್ದೂ ಅದೇ ಚಿತ್ರದಲ್ಲಿ. 1953ರಲ್ಲಿ ತಂದೆ ತೀರಿಕೊಂಡರು. ಮಗನಿಗೆ ಇನ್ನೂ 20 ತುಂಬಿರಲಿಲ್ಲ. ಹೆಗಲಿಗೆ ಬಂದದ್ದು ತಂದೆಯ ಹೆಸರು, ತಂದೆಯ ಮಂಡಳಿ.

ಆ ಹುಡುಗ ಹಿಡಿದದ್ದು ಯಾವ ವಸ್ತು? ರಾಜ-ರಾಣಿಯಲ್ಲ. ಪುರಾಣವೂ ಅಲ್ಲ. ಲಂಚ!

‘ಲಂಚಾವತಾರ’. ಒಂದೇ ನಾಟಕ. ಎಷ್ಟು ಪ್ರಯೋಗ ಕಂಡಿರಬಹುದು? ನೂರು? ಮೇಲೆ ಹೋಗಿ. ಸಾವಿರ? ಇನ್ನೂ ಮೇಲೆ! ಐದು ಸಾವಿರ? ಸಾಲದು, ಸಾಲದು!

10,000ಕ್ಕೂ ಹೆಚ್ಚು!

ದಿನಕ್ಕೊಂದರಂತೆ, ಹಬ್ಬ-ಹುಣ್ಣಿಮೆಗೂ ರಜೆಯಿಲ್ಲದೆ ಆಡಿದರೂ 27 ವರ್ಷ ಬೇಕು. ಲೆಕ್ಕ ಹಾಕಿ ನೋಡಿ!

ಇನ್ನೂ ಸೋಜಿಗ ಕೇಳಿ. ಹತ್ತು ಸಾವಿರ ಸಲ ಆಡಿದ್ದು ಅದೇ ಮಾತನ್ನಲ್ಲ! ಬೆಳಗ್ಗೆ ಪತ್ರಿಕೆಯಲ್ಲಿ ಬಂದ ಹಗರಣ ರಾತ್ರಿ ರಂಗದ ಮೇಲೆ! ಪಾತ್ರದ ಮಾತು ಆಡುತ್ತಾ ಆಡುತ್ತಾ ಥಟ್ಟನೆ ಪ್ರೇಕ್ಷಕರತ್ತ ತಿರುಗುವುದು. ಒಂದು ಚಾಟಿ. ಸಭೆಯಲ್ಲಿ ನಗೆಯ ಸ್ಫೋಟ. ಮತ್ತೆ ಪಾತ್ರದೊಳಕ್ಕೆ! ಏಟು ತಿಂದ ರಾಜಕಾರಣಿಗಳೂ ನಕ್ಕರು. ಎಲ್ಲರೂ ನಗಲಿಲ್ಲ, ಕೆರಳಿದವರೂ ಇದ್ದರು. ಹಿರಣ್ಣಯ್ಯ ಬಾಯಿ ಮುಚ್ಚಿದರೇ? ಎಲ್ಲಿಯ ಮಾತು! ಮಾತು ಕೆಲವೊಮ್ಮೆ ಉಪನ್ಯಾಸವಾಗುತ್ತಿತ್ತು, ಕಥೆ ಕಾಯುತ್ತಾ ನಿಲ್ಲುತ್ತಿತ್ತು ಎಂದು ರಂಗಶಿಸ್ತಿನವರು ಗೊಣಗುತ್ತಾರೆ. ಗೊಣಗಲಿ ಬಿಡಿ! ಜನ ಟಿಕೆಟ್ ಕೊಂಡದ್ದೇ ಆ ಮಾತಿಗೆ.

ಇಷ್ಟು ಧೈರ್ಯ ಬಂದದ್ದೆಲ್ಲಿಂದ? ನನ್ನ ಕೇಳಿದರೆ, ಟಿಕೆಟ್ ಕಿಂಡಿಯಿಂದ! ಅನ್ನ ಹಾಕುವವರು ಪ್ರೇಕ್ಷಕರು. ಮಂತ್ರಿಯ ಹಂಗೇಕೆ?

ಇದು ನಮ್ಮ ನಾಡಿನ ಗುಟ್ಟು ಮಾತ್ರವಲ್ಲ. ಅಮೆರಿಕದ ಷಿಕಾಗೋದಲ್ಲೊಬ್ಬ ಇಂಥದೇ ಆಸಾಮಿ. ಸ್ಟೀವ್ ಆಲ್ಬಿನಿ! ರಾಕ್ ಸಂಗೀತದ ಧ್ವನಿಮುದ್ರಣಕಾರ, ಹರಿತ ನಾಲಿಗೆಯವ. 1993ರಲ್ಲಿ ‘ನಿರ್ವಾಣ’ ತಂಡ ಅವನ ಬಳಿ ಬಂತು. ಹಿಂದಿನ ಆಲ್ಬಂ ಲಕ್ಷಲಕ್ಷ ಮಾರಾಟವಾಗಿತ್ತು. ಹೊಸದರ ಮಾರಾಟದಲ್ಲಿ ಪಾಲು ಕೇಳಿದ್ದರೆ ಹಣದ ಹೊಳೆ! ಅವನು ಬೇಡವೆಂದ. ನಲ್ಲಿ ರಿಪೇರಿಯವನಂತೆ ಕೆಲಸಕ್ಕೆ ಕೂಲಿ ಕೊಡಿ, ಸಾಕು. ಹಾಡು ನಿಮ್ಮದು, ಅದರ ಲಾಭವೂ ನಿಮ್ಮದೇ!

ಅದೇ ವರ್ಷ ಅವನೊಂದು ಲೇಖನ ಬರೆದ. ಕಲ್ಪಿತ ತಂಡವೊಂದರ 2,50,000 ಪ್ರತಿಗಳ ಲೆಕ್ಕ. ರೆಕಾರ್ಡ್ ಕಂಪನಿಗೆ 7,10,000 ಡಾಲರ್. ಹಾಡುವ, ಬಾರಿಸುವ ಒಬ್ಬೊಬ್ಬನಿಗೆ? 4,031 ಡಾಲರ್, ಮೇಲೆ 25 ಸೆಂಟ್! ಇಡೀ ಉದ್ಯಮದ ಚಡ್ಡಿ ಬಿಚ್ಚಿಬಿಟ್ಟ! ಎಳೆವಯಸ್ಸಿನಲ್ಲಿ ತಾನಾಡಿದ ಕೆಲವು ಕೆಟ್ಟ ಮಾತುಗಳಿಗೆ ಮುಂದೆ ಬಹಿರಂಗವಾಗಿಯೇ ಪಶ್ಚಾತ್ತಾಪಪಟ್ಟ. ಅದೂ ನೇರವಂತಿಕೆಯೇ ಅಲ್ಲವೇ? 2024ರ ಮೇ 7ರಂದು, 61ರ ವಯಸ್ಸಿನಲ್ಲಿ, ಹೃದಯಾಘಾತದಿಂದ ಹೋದ. ಅವನ ‘ಷೆಲ್ಲಾಕ್’ ತಂಡದ ಹೊಸ ಆಲ್ಬಂ ಹೊರಬರಲು ಬರೀ 10 ದಿನ ಉಳಿದಿತ್ತು!

ನಮ್ಮ ಹಿರಣ್ಣಯ್ಯ ಹೋದದ್ದು 2019ರ ಮೇ 2ರಂದು. ವಯಸ್ಸು 85. ಮಗ ಬಾಬು ಹಿರಣ್ಣಯ್ಯ ಅವರೂ ರಂಗಕ್ಕೆ ಬಂದವರೇ. ‘ಲಂಚಾವತಾರ’ದ ಕ್ಯಾಸೆಟ್ಟುಗಳು ಒಂದು ಕಾಲಕ್ಕೆ ಊರೂರಿನ ಟೇಪ್ ರೆಕಾರ್ಡರುಗಳಲ್ಲಿ ತಿರುಗಿದವು. ನಾಟಕ ನೋಡದವರೂ ಮಾತು ಕೇಳಿ ನಕ್ಕರು!

ನಿಮ್ಮ ಅಟ್ಟದ ಮೇಲೆ ಅಂಥದೊಂದು ಕ್ಯಾಸೆಟ್ ಉಳಿದಿದೆಯೇ? ದಯವಿಟ್ಟು ರದ್ದಿಗೆ ಹಾಕಬೇಡಿ. ಇಳಿಸಿ, ಧೂಳು ಒರೆಸಿ, ಮಕ್ಕಳನ್ನು ಕೂರಿಸಿಕೊಂಡು ಕೇಳಿ!