ಉಪ್ಪಿನ ಹರಳಿನ ಲೇವಾದೇವಿ

ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎಂಬ ಗಾದೆಯನ್ನು ಕೇಳದ ಮನೆಯಿಲ್ಲ. ಆದರೆ ನಿತ್ಯವೂ ಸಾರಿಗೆ ಬೀಳುವ ಈ ಬಿಳಿಯ ಹರಳು ಎರಡು ಉಗ್ರವಸ್ತುಗಳ ಕೂಟವೆಂಬುದು ಎಷ್ಟು ಮಂದಿಗೆ ತಿಳಿದಿದೆ?

ಮೊದಲನೆಯದು ಸೋಡಿಯಂ ಎಂಬ ಲೋಹ. 1807ರಲ್ಲಿ ಲಂಡನ್ನಿನಲ್ಲಿ ಹಂಫ್ರಿ ಡೇವಿಯು ಕಾಸ್ಟಿಕ್ ಸೋಡದಲ್ಲಿ ವಿದ್ಯುತ್ತನ್ನು ಹರಿಯಿಸಿ ಇದನ್ನು ಬೇರ್ಪಡಿಸಿದನು. ಬೆಳ್ಳಿಯ ಹೊಳಪಿನ, ಚಾಕುವಿಗೆ ಸುಲಭವಾಗಿ ಸಿಗುವ ಈ ಲೋಹ ನೀರು ಸೋಕಿದರೆ ಭುಗಿಲೇಳಬಲ್ಲುದು. ಅದಕ್ಕಾಗಿಯೇ ಪ್ರಯೋಗಶಾಲೆಯಲ್ಲಿ ಇದನ್ನು ಸೀಮೆಎಣ್ಣೆಯಲ್ಲಿ ಮುಳುಗಿಸಿಡುವರು. ಎರಡನೆಯದು ಕ್ಲೋರೀನ್, 1915ರಲ್ಲಿ ಬೆಲ್ಜಿಯಮ್ಮಿನ ಈಪ್ರ ರಣರಂಗದಲ್ಲಿ ಸೈನಿಕರ ಉಸಿರು ಕಟ್ಟಿಸಿದ ವಿಷಾನಿಲ.

ಇಂಥ ಎರಡು ಸೇರಿ ಸೌಮ್ಯವಾದ ಉಪ್ಪಾಗುವುದೆಂತು? ಗುಟ್ಟು ಇರುವುದು ಎಲೆಕ್ಟ್ರಾನುಗಳ ಎಣಿಕೆಯಲ್ಲಿ. ಸೋಡಿಯಂ ಪರಮಾಣುವಿನ 11 ಎಲೆಕ್ಟ್ರಾನುಗಳು 2, 8, 1 ಎಂದು ಮೂರು ಸುತ್ತುಗಳಲ್ಲಿವೆ. ಹೊರಸುತ್ತಿನ ಒಂಟಿ ಎಲೆಕ್ಟ್ರಾನು ತೊಲಗಿದರೆ ಉಳಿಯುವುದು 2, 8. ಇದು ಯಾವ ವಸ್ತುವಿನೊಡನೆಯೂ ಬೆರೆಯಲೊಲ್ಲದ ನಿಯಾನ್ ಎಂಬ ಜಡಾನಿಲದ ವಿನ್ಯಾಸ. ಕ್ಲೋರೀನಿನಲ್ಲಿ 17, ಒಂದು ಬಂದು ಸೇರಿದರೆ ಅದಕ್ಕೆ ಆರ್ಗಾನ್ ಅನಿಲದ ವಿನ್ಯಾಸ. ಜರ್ಮನಿಯ ವಾಲ್ಟರ್ ಕೊಸೆಲ್ 1916ರಲ್ಲಿ ಈ ಕೊಡುಕೊಳ್ಳುವಿಕೆಯನ್ನು ವಿವರಿಸಿದನು.

ಹಾಗೆಂದು ಸೋಡಿಯಮ್ಮನ್ನು ದಾನಶೂರ ಕರ್ಣನೆಂದು ಭಾವಿಸಲಾಗದು. ಋಣವಿದ್ಯುತ್ತಿನ ಎಲೆಕ್ಟ್ರಾನನ್ನು ಧನವಿದ್ಯುತ್ತಿನ ನ್ಯೂಕ್ಲಿಯಸ್ ಸೆಳೆದು ಹಿಡಿದಿರುತ್ತದೆ. ಬಿಡಿಸಲು ಶಕ್ತಿಯನ್ನು ವ್ಯಯಿಸಲೇಬೇಕು. ಎಲೆಕ್ಟ್ರಾನು ಕ್ಲೋರೀನನ್ನು ಸೇರುವಾಗ ಹೊಮ್ಮುವ ಶಕ್ತಿಯೂ ಈ ವೆಚ್ಚವನ್ನು ಪೂರ್ತಿ ತುಂಬದು. ಸಾಲವನ್ನು ತೀರಿಸುವುದು ಹರಳು. ಎಲೆಕ್ಟ್ರಾನನ್ನು ಕಳೆದುಕೊಂಡ ಸೋಡಿಯಂ ಧನ ಅಯಾನು, ಪಡೆದ ಕ್ಲೋರೀನ್ ಋಣ ಅಯಾನು. ಒಂದೊಂದನ್ನೂ ಎದುರು ಜಾತಿಯ ಆರು ಸುತ್ತುವರಿದು ಬಿಗಿಯುತ್ತವೆ. ಆ ಬಿಗಿತದಿಂದ ಹೊಮ್ಮುವ ಶಕ್ತಿ ಸಾಲವನ್ನೆಲ್ಲ ತೀರಿಸಿ, ಮಿಕ್ಕದ್ದು ಬೆಳಕಾಗಿ, ಬಿಸಿಯಾಗಿ ಹೊರಬೀಳುತ್ತದೆ.

ಎರಡನೆಯ ಎಲೆಕ್ಟ್ರಾನನ್ನು ಕೀಳಲು ಮೊದಲನೆಯದರ ಸುಮಾರು 9 ಪಟ್ಟು ಶಕ್ತಿ ಬೇಕು. ಆ ಸಾಲ ತೀರುವಂಥದಲ್ಲ. ಆದ್ದರಿಂದ ಸೋಡಿಯಂ ಒಂದಕ್ಕೇ ನಿಲ್ಲುತ್ತದೆ. ಮೆಗ್ನೀಸಿಯಂ ಎರಡನ್ನೂ ಅಲ್ಯೂಮಿನಿಯಂ ಮೂರನ್ನೂ ಬಿಟ್ಟು ಅದೇ ನಿಯಾನಿನ ವಿನ್ಯಾಸವನ್ನು ಮುಟ್ಟುತ್ತವೆ. ಎಲ್ಲ ಲೋಹಗಳಿಗೂ ಈ ಭಾಗ್ಯವಿಲ್ಲ; ಎರಡು ಮೂರು ಎಲೆಕ್ಟ್ರಾನುಗಳನ್ನು ಕಳೆದುಕೊಂಡರೂ ಕಬ್ಬಿಣಕ್ಕೆ ಜಡಾನಿಲದ ವಿನ್ಯಾಸ ಒದಗದು.

ನಿಯಾನಿನ ವೇಷ ತೊಟ್ಟರೂ ಸೋಡಿಯಂ ನಿಯಾನ್ ಆಗದು. ಅದರ ನ್ಯೂಕ್ಲಿಯಸಿನಲ್ಲಿ 11 ಪ್ರೋಟಾನುಗಳು ಹಾಗೆಯೇ ಇವೆ. ಆದರೆ ಲೋಹವಾಗಿದ್ದಾಗ ಕೈಯನ್ನು ಸುಡುತ್ತಿದ್ದುದೇ ಅಯಾನಾದ ಮೇಲೆ ನಮ್ಮ ನರಗಳಲ್ಲಿ ಹರಿದು, ಆ ಕೈಯನ್ನು ತುತ್ತಿನೊಡನೆ ಬಾಯಿಗೆತ್ತುವ ಸಂದೇಶವನ್ನು ಒಯ್ಯುತ್ತದೆ. ಕಳೆದುಕೊಂಡದ್ದು ಒಂದೇ ಒಂದು ಎಲೆಕ್ಟ್ರಾನು.