ಲೋಡರ್ ಬಕೆಟ್ ಒಂದು ಕಡೆ ವಾಲಿದೆಯೇ? ಸಿಲಿಂಡರ್ ಬಿಚ್ಚುವ ಮೊದಲು ಟೇಪು ಹಿಡಿಯಿರಿ

ಕೆರೆ ಗೋಡು ಹೊಡೆಯುವುದು, ತಿಪ್ಪೆ ಗೊಬ್ಬರ ತುಂಬುವುದು, ಹೊಲದ ದಿಣ್ಣೆ ಕೆರೆದು ತಗ್ಗಿಗೆ ಹಾಕುವುದು – ಚಾಮರಾಜನಗರ, ಗುಂಡ್ಲುಪೇಟೆ ಕಡೆ ಟ್ರ್ಯಾಕ್ಟರಿನ ಮುಂದೆ ಲೋಡರ್ ಕೂರಿಸಿಕೊಂಡವರಿಗೆ ಮುಂಗಾರಿಗೆ ಮುಂಚೆ ಬಿಡುವಿಲ್ಲ. ಸರಿಯಾಗಿ ಆ ಹೊತ್ತಿಗೇ ಒಂದು ತಕರಾರು ಏಳುತ್ತೆ. ಬಕೆಟ್ಟಿನ ಒಂದು ಮೂಲೆ ನೆಲ ಕೆರೆಯುತ್ತಿದ್ದರೆ ಇನ್ನೊಂದು ಮೂಲೆ ಎರಡು ಬೆರಳು ಮೇಲೆ ನಿಂತಿರುತ್ತೆ.

ಇದು ನೋಟಕ್ಕೆ ಮಾತ್ರ ಕೆಟ್ಟದ್ದಲ್ಲ. ವಾಲಿದ ಬಕೆಟ್ಟಿನಿಂದ ಮಟ್ಟ ಮಾಡಿದ ನೆಲ ಹಾಳೆ ಹಾಳೆಯಾಗಿ ಓರೆ ಬೀಳುತ್ತೆ. ಅರಿಶಿನ ಹಾಕುವ ಭೂಮಿಯಾದರೆ ಆ ತಗ್ಗಿನಲ್ಲಿ ನೀರು ನಿಂತು ಗೆಡ್ಡೆ ಕೊಳೆಗೆ ದಾರಿಯಾಗುತ್ತೆ. ಜೊತೆಗೆ ಎಲ್ಲ ಭಾರ ಒಂದೇ ತೋಳಿನ ಮೇಲೆ ಬಿದ್ದು ಸಣ್ಣ ದೋಷ ದೊಡ್ಡದಾಗುತ್ತೆ.

ಹೆಚ್ಚಿನವರು ಮಾಡುವ ಮೊದಲ ಕೆಲಸ ಎಂದರೆ, ಕೆಳಗಿಳಿದ ಕಡೆಯ ಸಿಲಿಂಡರ್ ಬಿಚ್ಚಿಸಿ ಸೀಲ್ ಬದಲಿಸುವುದು. ದುಡ್ಡೂ ಹೋಗುತ್ತೆ, ಎರಡು ದಿನದ ಕೆಲಸವೂ ಹೋಗುತ್ತೆ, ಬಕೆಟ್ ಮಾತ್ರ ಮೊದಲಿನ ಹಾಗೇ ವಾಲಿರುತ್ತೆ.

ಎಣ್ಣೆಯ ತಪ್ಪು ಯಾಕಲ್ಲ?

ಲೋಡರ್ ಎತ್ತುವ ಎರಡು ಸಿಲಿಂಡರಿಗೂ ಎಣ್ಣೆ ಬರುವುದು ಒಂದೇ ವಾಲ್ವಿನಿಂದ, ಕವಲೊಡೆದ ಒಂದೇ ದಾರಿಯಲ್ಲಿ. ಆದ್ದರಿಂದ ನಿಂತಾಗ ಎರಡರಲ್ಲೂ ಒತ್ತಡ ಒಂದೇ. ಅಲ್ಲದೆ ಎರಡು ತೋಳುಗಳನ್ನು ಒಂದು ದಪ್ಪ ಅಡ್ಡ ಪೈಪು ಹಿಡಿದು ಬೆಸೆದಿರುತ್ತೆ. ಒಂದು ಸಿಲಿಂಡರಿನ ಸೀಲ್ ಸೋರಿದರೆ ಒಂದು ತೋಳು ಮಾತ್ರ ಇಳಿಯುವುದಿಲ್ಲ, ಎರಡೂ ಒಟ್ಟಿಗೆ ಇಳಿಯುತ್ತವೆ.

ನೆನಪಿಡಬೇಕಾದ್ದು ಇಷ್ಟು: ಎತ್ತಿ ನಿಲ್ಲಿಸಿದ ಬಕೆಟ್ ತಾನಾಗಿ ಮೆಲ್ಲಗೆ ಇಳಿಯುತ್ತಿದ್ದರೆ ಎಣ್ಣೆಯ ದೋಷ. ಇಳಿಯದೆ ಓರೆಯಾಗಿ ನಿಂತಿದ್ದರೆ ಕಬ್ಬಿಣದ್ದೋ ಚಕ್ರದ್ದೋ ದೋಷ.

ಅಳತೆ ಹಿಂದಿನಿಂದ ಮುಂದಕ್ಕೆ

ಹೊಲದಲ್ಲಿ ನಿಂತು ನೋಡಿದರೆ ಏನೂ ತಿಳಿಯುವುದಿಲ್ಲ. ಅರಿಶಿನ ಒಣಗಿಸುವ ಸಿಮೆಂಟ್ ಕಣದಂಥ ಗಟ್ಟಿ ನೆಲಕ್ಕೆ ಟ್ರ್ಯಾಕ್ಟರ್ ತನ್ನಿ. ಬಕೆಟ್ ಖಾಲಿ ಇರಲಿ. ನೆಲದಿಂದ ಅರ್ಧ ಅಡಿ ಎತ್ತಿ ಇಂಜಿನ್ ಆರಿಸಿ, ಬ್ರೇಕ್ ಹಾಕಿ.

ಕಣವೇ ಓರೆ ಇದ್ದರೆ? ಬಕೆಟ್ಟಿನ ಎರಡು ತುದಿಯ ಎತ್ತರ ಬರೆದುಕೊಂಡು, ಅದೇ ಜಾಗದಲ್ಲಿ ಟ್ರ್ಯಾಕ್ಟರಿನ ಮುಖ ತಿರುಗಿಸಿ ನಿಲ್ಲಿಸಿ ಮತ್ತೆ ಅಳೆಯಿರಿ. ಮೊದಲು ಎಡ ಮೂಲೆ ಕೆಳಗಿದ್ದದ್ದು ಈಗ ಬಲ ಮೂಲೆ ಕೆಳಗಾದರೆ ತಪ್ಪು ಕಣದ್ದು. ಎರಡು ಸಲವೂ ಅದೇ ಮೂಲೆ ಕೆಳಗಿದ್ದರೆ ತಪ್ಪು ಗಾಡಿಯದ್ದು.

ಆಮೇಲೆ ನೆಲದಿಂದ ಈ ನಾಲ್ಕು ಜಾಗದ ಎತ್ತರವನ್ನು ಎಡ–ಬಲ ಎರಡೂ ಕಡೆ ಅಳೆದು ಒಂದು ಚೀಟಿಯಲ್ಲಿ ಬರೆಯಿರಿ:

1. ಹಿಂದಿನ ಆಕ್ಸೆಲ್ಲಿನ ನಡುಭಾಗ
2. ಬ್ರಾಕೆಟ್ಟಿನ ಮೇಲೆ ತೋಳು ಕೂತಿರುವ ಹಿಂಬದಿ ಪಿನ್
3. ತೋಳಿನ ಮುಂದಿನ ತುದಿಯಲ್ಲಿ ಬಕೆಟ್ ಹಿಡಿದಿರುವ ಪಿನ್
4. ಬಕೆಟ್ಟಿನ ಬಾಯಿ ಪಟ್ಟಿಯ ತುದಿ

ಎಡ–ಬಲದ ವ್ಯತ್ಯಾಸ ಮೊದಲು ಎಲ್ಲಿ ಕಾಣಿಸಿಕೊಳ್ಳುತ್ತೋ ದೋಷ ಅಲ್ಲಿದೆ. ಅಲ್ಲಿ ಸರಿಪಡಿಸಿ ಮತ್ತೊಮ್ಮೆ ಅಳೆದ ಮೇಲೇ ಮುಂದಿನದಕ್ಕೆ ಹೋಗಿ.

ಒಂದನೇ ಜಾಗ: ಹಿಂದಿನ ಚಕ್ರ

ಬಕೆಟ್ ಮುಂದಿರುವುದರಿಂದ ಎಲ್ಲರೂ ಮುಂದಿನ ಚಕ್ರದ ಗಾಳಿ ನೋಡುತ್ತಾರೆ. ಆದರೆ ಮುಂದಿನ ಆಕ್ಸೆಲ್ ನಡುವೆ ಒಂದು ಪಿನ್ನಿನ ಮೇಲೆ ತೂಗಾಡುವಂತೆ ಕೂತಿರುತ್ತೆ. ಹೀಗಾಗಿ ಟ್ರ್ಯಾಕ್ಟರ್ ಅಂದರೆ ಮೂರು ಕಾಲಿನ ಮಣೆ ಇದ್ದಂತೆ. ಹಿಂದಿನ ಎರಡು ಚಕ್ರ ಎರಡು ಕಾಲು, ಮುಂದಿನ ಆ ಪಿನ್ನು ಮೂರನೆಯದು. ಟ್ರ್ಯಾಕ್ಟರಿನ ಮೈ ಎಡಕ್ಕೋ ಬಲಕ್ಕೋ ವಾಲುವುದನ್ನು ನಿರ್ಧರಿಸುವುದು ಹಿಂದಿನ ಚಕ್ರಗಳು. ಲೋಡರ್ ಕೂತಿರುವುದು ಆ ಮೈಯ ಮೇಲೆ.

ಹಿಂದಿನ ಎರಡು ಚಕ್ರಗಳ ನಡುವೆ 56 ಅಂಗುಲ, ಬಕೆಟ್ಟಿನ ಅಗಲ 70 ಅಂಗುಲ ಅಂತಿಟ್ಟುಕೊಳ್ಳಿ. ಒಂದು ಚಕ್ರ 1 ಅಂಗುಲ ತಗ್ಗಿದ್ದರೆ ಬಕೆಟ್ಟಿನ ತುದಿಗಳಲ್ಲಿ ಒಂದೂಕಾಲು ಅಂಗುಲ ವ್ಯತ್ಯಾಸ ಬರುತ್ತೆ. ಗಾಳಿ ಹೆಚ್ಚುಕಮ್ಮಿ ಇರುವುದು, ಒಂದು ಟೈರ್ ಹೊಸದು ಇನ್ನೊಂದು ಸವೆದದ್ದು, ಎರಡು ಬೇರೆ ಬೇರೆ ಅಳತೆಯ ಟೈರ್ – ಕಾರಣ ಇಷ್ಟೇ ಇರಬಹುದು. ಗಾಳಿ ಸಮ ಮಾಡಿದರೆ ಕೆಲವರ ತಕರಾರು ಖರ್ಚಿಲ್ಲದೆ ಇಲ್ಲೇ ಮುಗಿಯುತ್ತೆ.

ಎರಡನೇ ಜಾಗ: ಬ್ರಾಕೆಟ್

ಆಕ್ಸೆಲ್ ಸಮ ಇದ್ದು ಹಿಂಬದಿ ಪಿನ್ನಿನಲ್ಲಿ ವ್ಯತ್ಯಾಸ ಬಂದರೆ ಬ್ರಾಕೆಟ್ ಜರುಗಿದೆ ಎಂದರ್ಥ. ಬೋಲ್ಟ್ ಸಡಿಲವಾಗಿ ತೂತು ಉದ್ದವಾಗಿರುತ್ತೆ. ಬೋಲ್ಟಿನ ಸುತ್ತ ಬಣ್ಣ ಕಿತ್ತು ತುಕ್ಕಿನ ಪುಡಿ ಉದುರುತ್ತಿದ್ದರೆ ಅದೇ ಗುರುತು. ಬರೀ ಬಿಗಿ ಮಾಡಿದರೆ ಸಾಲದು. ಬ್ರಾಕೆಟ್ಟನ್ನು ಸರಿಯಾದ ಜಾಗಕ್ಕೆ ತಂದು, ಅದೇ ದರ್ಜೆಯ ಹೊಸ ಬೋಲ್ಟ್ ಹಾಕಿ ಬಿಗಿಯಬೇಕು. ವೆಲ್ಡಿಂಗಿನಲ್ಲಿ ಕೂದಲೆಳೆ ಬಿರುಕು ಇದೆಯೇ ಅಂತ ಒರೆಸಿ ನೋಡಿ.

ಮೂರನೇ ಜಾಗ: ಪಿನ್, ಬುಷ್, ತೋಳು

ಬಕೆಟ್ಟಿನ ಕೆಳಗೆ ಮರದ ದಿಮ್ಮಿ ಇಟ್ಟು, ದೂರ ನಿಂತು ಉದ್ದನೆ ಹಾರೆಯಿಂದ ಒಂದೊಂದು ಮೂಲೆ ಮೀಟಿ. ಯಾವ ಪಿನ್ ಕುಣಿಯುತ್ತೆ ಅಂತ ಇನ್ನೊಬ್ಬರು ನೋಡಲಿ. ಹಿಂದೆ ಇರುವ ಸಣ್ಣ ಆಟ ಮುಂದೆ ಬಾಯಿಯ ತುದಿಗೆ ಬರುವಾಗ ದೊಡ್ಡದಾಗಿ ಕಾಣುತ್ತೆ. ಸವೆದಿದ್ದರೆ ಪಿನ್ ಬುಷ್ ಎರಡನ್ನೂ, ಎಡ ಬಲ ಎರಡೂ ಕಡೆ ಬದಲಿಸಿ. ಲೇತಿನಲ್ಲಿ ಮಾಡಿಸುವಾಗ ಸಾದಾ ಸರಳಿನ ಪಿನ್ ಬೇಡ, ಬೇಗ ಸವೆಯುತ್ತೆ.

ಪಿನ್ನಿನಲ್ಲಿ ಆಟವಿಲ್ಲ, ಆದರೂ ಮೂರನೇ ಅಳತೆಯಲ್ಲಿ ವ್ಯತ್ಯಾಸ ಇದೆ ಅಂದರೆ ತೋಳು ತಿರುಚಿದೆ ಅಥವಾ ಅಡ್ಡ ಪೈಪಿನ ಬೆಸುಗೆ ಬಿಟ್ಟಿದೆ. ಬೆಸುಗೆ ಬಿಟ್ಟಿದ್ದರೆ ಕೆಲಸ ತಕ್ಷಣ ನಿಲ್ಲಿಸಿ. ಅರ್ಧ ಅಂಗುಲದಷ್ಟು ತಿರುಚಿದ್ದರೆ ಗೊಬ್ಬರ ತುಂಬುವ ಕೆಲಸಕ್ಕೆ ಅಡ್ಡಿಯಿಲ್ಲ. ಆದರೆ ತಿಂಗಳಿಗೊಮ್ಮೆ ಅಳೆದು, ಹೆಚ್ಚಾಗುತ್ತಿದೆಯೇ ನೋಡುತ್ತಿರಿ. ಅದಕ್ಕೂ ಮೀರಿದ್ದರೆ ಲೋಡರ್ ಕಟ್ಟುವವರ ಬಳಿಯೇ ನೇರ ಮಾಡಿಸಿ. ಗ್ಯಾಸಿನಲ್ಲಿ ಕೆಂಪಗೆ ಕಾಯಿಸಿ ಬಡಿಯುವುದು ಬೇಡ, ಕಾದ ಜಾಗ ಮೆತ್ತಗಾಗಿ ಮತ್ತೆ ಅಲ್ಲೇ ಬಾಗುತ್ತೆ.

ನಾಲ್ಕನೇ ಜಾಗ: ಬಕೆಟ್

ಪಿನ್ನಿನ ತನಕ ಎಲ್ಲ ಸಮ, ಬಾಯಿ ಮಾತ್ರ ಓರೆ ಅಂದರೆ ಸಂತೋಷದ ಸುದ್ದಿ. ಪಟ್ಟಿ ಒಂದು ತುದಿಯಲ್ಲಿ ಸವೆದಿರುತ್ತೆ, ಇಲ್ಲವೇ ಬಕೆಟ್ ಬಾಗಿರುತ್ತೆ. ಬಿಚ್ಚಿ ಸರಿ ಮಾಡಿಸಬಹುದು. ಬಕೆಟ್ ಮಗುಚುವ ಎರಡು ಸಿಲಿಂಡರುಗಳನ್ನೂ ನೋಡಿಕೊಳ್ಳಿ. ಒಂದರ ರಾಡ್ ಬಾಗಿದ್ದರೆ, ಅಥವಾ ಬದಲಿ ಹಾಕಿದ ಸಿಲಿಂಡರ್ ಉದ್ದದಲ್ಲಿ ಬೇರೆಯಾಗಿದ್ದರೆ, ಪೂರ್ತಿ ಮಗುಚಿದಾಗ ಬಕೆಟ್ ತಿರುಚಿಕೊಳ್ಳುತ್ತೆ.

ಮತ್ತೆ ವಾಲದಂತೆ

ತೋಳು ತಿರುಚುವುದು ಹೆಚ್ಚಾಗಿ ಬಕೆಟ್ಟಿನ ಒಂದೇ ಮೂಲೆಯಿಂದ ಕಲ್ಲನ್ನೋ ತೆಂಗಿನ ಬುಡವನ್ನೋ ಮೀಟಿದಾಗ. ಲೋಡರ್ ತುಂಬುವ ಸಾಧನ, ಕೀಳುವ ಸಾಧನವಲ್ಲ. ಗಟ್ಟಿ ಗೋಡಿಗೆ ಓಡಿಸಿಕೊಂಡು ಬಂದು ಗುದ್ದಬೇಡಿ, ಬಾಯಿಯ ಪೂರ್ತಿ ಅಗಲಕ್ಕೆ ಮಣ್ಣು ಸಿಗುವಂತೆ ನೇರವಾಗಿ ನುಗ್ಗಿಸಿ. ಕೆಲಸವಿದ್ದ ದಿನವೆಲ್ಲ ಪಿನ್ನುಗಳಿಗೆ ಗ್ರೀಸ್ ಹೊಡೆಯಿರಿ. ತುಂಬಿದ ಬಕೆಟ್ಟನ್ನು ತಗ್ಗಿನಲ್ಲಿಟ್ಟುಕೊಂಡೇ ಸಾಗಿ. ಹಿಂದೆ ಭಾರ ಕಟ್ಟಿಕೊಳ್ಳಿ. ಬದುವಿನ ಮೇಲೆ, ಇಳಿಜಾರಿನಲ್ಲಿ ಬಕೆಟ್ ಎತ್ತಿಕೊಂಡು ತಿರುಗಿದರೆ ಟ್ರ್ಯಾಕ್ಟರ್ ಮಗುಚುವ ಅಪಾಯವಿದೆ.

ಕೊನೆಗೆ ಜೀವದ ಮಾತು. ಎತ್ತಿದ ಬಕೆಟ್ಟಿನ ಕೆಳಗೆ ಯಾರೂ ತಲೆ ಹಾಕಬಾರದು. ಪಿನ್ ತೆಗೆಯುವ ಮುಂಚೆ, ಹೋಸ್ ಬಿಚ್ಚುವ ಮುಂಚೆ ಬಕೆಟ್ಟನ್ನು ನೆಲಕ್ಕೆ ಇಳಿಸಿ, ಇಂಜಿನ್ ಆರಿಸಿ, ಲಿವರನ್ನು ಎರಡೂ ಕಡೆ ಆಡಿಸಿ ಒತ್ತಡ ಬಿಡಿ. ಹೋಸ್ ಎಲ್ಲಿ ಸೋರುತ್ತಿದೆ ಅಂತ ಕೈಯಿಂದ ಸವರಿ ನೋಡಲೇಬೇಡಿ. ಸೂಜಿ ಮೊನೆಯಷ್ಟು ತೂತಿನಿಂದ ಚಿಮ್ಮುವ ಎಣ್ಣೆ ಚರ್ಮ ಸೀಳಿ ಒಳಗೆ ಹೋಗುತ್ತೆ. ಒಂದು ರಟ್ಟಿನ ತುಂಡು ಹಿಡಿದು ನೋಡಿದರೆ ಸಾಕು. ಎಣ್ಣೆ ಒಳಗೆ ಹೊಕ್ಕಿದ್ದೇ ಆದರೆ ಗಾಯ ಸಣ್ಣದು ಅಂತ ಸುಮ್ಮನಿರದೆ ಕೂಡಲೇ ಆಸ್ಪತ್ರೆಗೆ ಹೋಗಿ.

ಮೆಕ್ಯಾನಿಕ್ ಹತ್ತಿರ ಹೋಗುವಾಗ ಆ ನಾಲ್ಕು ಅಳತೆಯ ಚೀಟಿ ಜೇಬಿನಲ್ಲಿರಲಿ. ಎಲ್ಲಿ ಬಿಚ್ಚಬೇಕು, ಎಲ್ಲಿ ಬಿಚ್ಚಬೇಕಾಗಿಲ್ಲ ಅಂತ ಆಗ ನೀವೇ ಹೇಳಬಹುದು.