ಲೇತಿನ ಕೆಳಗೊಂದು ಗಟ್ಟಿ ಮೇಜು

ಮನೆಯ ಶೆಡ್ಡಿನಲ್ಲಿ ಸಣ್ಣ ಲೇತ್ ಇಟ್ಟುಕೊಂಡವರನ್ನು ಕಾಡುವ ಮೊದಲ ಒಗಟು ಸಾಮಾನ್ಯವಾಗಿ ಇದೇ. ಕಡೆದ ಸರಳನ್ನು ಮೈಕ್ರೋಮೀಟರಿನಲ್ಲಿ ಅಳೆದರೆ ಒಂದು ತುದಿ ಇನ್ನೊಂದಕ್ಕಿಂತ ದಪ್ಪ. ವ್ಯತ್ಯಾಸ 0.05 ಮಿ.ಮೀ. ಇರಬಹುದು. ಬೇರಿಂಗ್ ಕೂರಬೇಕಾದ ಜಾಗವಾಗಿದ್ದರೆ ಕೆಲಸ ಕೆಡಲು ಅಷ್ಟೇ ಸಾಕು. ಲೇತ್ ಮಾರಿದವನನ್ನು ಬೈಯುವ ಮುಂಚೆ ಒಮ್ಮೆ ಬಗ್ಗಿ ಕೆಳಗೆ ನೋಡಬೇಕು. ಹಳೆಯ ಊಟದ ಮೇಜಿಗೋ ತೆಳು ತಗಡಿನ ಸ್ಟ್ಯಾಂಡಿಗೋ ಅದನ್ನು ಬಿಗಿದಿದ್ದರೆ ತಪ್ಪು ಬಹುಶಃ ಅಲ್ಲೇ ಇದೆ.

ಲೇತಿನ ಬೆಡ್ ಎರಕದ ಕಬ್ಬಿಣದ್ದಾದರೂ ಸಣ್ಣ ಯಂತ್ರಗಳಲ್ಲಿ ಅದು ಸುಲಭವಾಗಿ ತಿರುಚಿಕೊಳ್ಳುತ್ತದೆ. ನಾಲ್ಕು ಬೋಲ್ಟುಗಳಲ್ಲಿ ಒಂದರ ಕೆಳಗೆ ಮೇಜು ತಗ್ಗಾಗಿದೆ ಎನ್ನಿ. ಸ್ಪ್ಯಾನರ್ ತಿರುಗಿಸಿದಷ್ಟೂ ಬೆಡ್ ಆ ಸೊಟ್ಟಕ್ಕೆ ಹೊಂದಿಕೊಳ್ಳುತ್ತಾ ಹೋಗುತ್ತದೆ, ಟೂಲ್ ಸಾಗುವ ದಾರಿಯೂ ಓರೆಯಾಗುತ್ತದೆ. ಕಾರ್ಖಾನೆಗಳಲ್ಲಿ ಯಂತ್ರ ಕೂರಿಸುವವರು ಮೀಟರಿಗೆ 0.02 ಮಿ.ಮೀ. ಏರಿಳಿತವನ್ನೂ ತೋರಿಸುವ ಲೆವೆಲ್ ಬಳಸುವುದು ಇದಕ್ಕೇ. ಗಾರೆ ಮೇಸ್ತ್ರಿಯ ರಸಮಟ್ಟ ಈ ಕೆಲಸಕ್ಕೆ ಸಾಲದು.

ಇದು ಹೊಸ ತಿಳಿವಳಿಕೆಯೇನಲ್ಲ. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಲಂಡನ್ನಿನ ಹೆನ್ರಿ ಮಾಡ್ಸ್ಲೆ ತನ್ನ ಕಾರ್ಖಾನೆಯ ಕೆಲಸಗಾರರ ಬೆಂಚುಗಳ ಮೇಲೆ ನಿಖರ ಸಮತಟ್ಟಾದ ಲೋಹದ ಫಲಕಗಳನ್ನು ಇರಿಸುತ್ತಿದ್ದ. ಅರ ಹಾಕಿದ ಮೈಯನ್ನು ಅಲ್ಲೇ ಒತ್ತಿ ನೋಡಿ ಉಬ್ಬುತಗ್ಗು ತಿಳಿಯಲೆಂದು. ಅಳತೆಯ ಶಿಸ್ತಿಗೆ ಮುಂದೆ ಹೆಸರಾದ ಜೋಸೆಫ್ ವಿಟ್ವರ್ತ್ ದುಡಿದದ್ದೂ ಅದೇ ಕಾರ್ಖಾನೆಯಲ್ಲಿ.

ಇನ್ನು ಮೇಜು ಕಟ್ಟುವ ಮಾತು. ಬಹುಮಂದಿ ಮೊದಲು ಯೋಚಿಸುವುದು ಹಲಗೆ ಎಷ್ಟು ದಪ್ಪವಿರಬೇಕು ಎಂದು. ಹಲಗೆಯ ಬಿಗಿತ ಏರುವುದು ದಪ್ಪದ ಘನಕ್ಕೆ ಅನುಗುಣವಾಗಿ. 25 ಮಿ.ಮೀ. ಹಲಗೆಯ ಜಾಗದಲ್ಲಿ 50 ಮಿ.ಮೀ. ಹಾಕಿದರೆ ಬಿಗಿತ ಎರಡು ಪಟ್ಟಲ್ಲ, ಎಂಟು ಪಟ್ಟಾಗುತ್ತದೆ. ಇಲ್ಲೊಂದು ಮೋಸವೂ ಇದೆ: ಎರಡು ಪ್ಲೈವುಡ್ ಶೀಟುಗಳನ್ನು ಸುಮ್ಮನೆ ಒಂದರ ಮೇಲೊಂದು ಇಟ್ಟರೆ ಸಿಗುವುದು ಎರಡೇ ಪಟ್ಟು. ಬಾಗುವಾಗ ಅವು ಒಂದರ ಮೇಲೊಂದು ಜಾರುತ್ತವೆ. ನಡುವೆ ಪೂರ್ತಿ ಅಂಟು ಬಳಿದು ಸ್ಕ್ರೂ ಹಾಕಿ ಒತ್ತಿದರೆ ಮಾತ್ರ ಎಂಟು ಪಟ್ಟು. ಖರ್ಚಿನ ವ್ಯತ್ಯಾಸ ಒಂದು ಡಬ್ಬಿ ಅಂಟು.

ಆದರೆ ಮನೆಯಲ್ಲಿ ಮಾಡಿದ ಮೇಜುಗಳು ಸೋಲುವುದು ಹಲಗೆ ಬಾಗಿ ಅಲ್ಲ, ಕಾಲುಗಳು ಓಲಾಡಿ. ಅರ ಹಾಕುವಾಗ, ಹ್ಯಾಕ್ಸಾ ಎಳೆಯುವಾಗ ಬಲ ಬೀಳುವುದು ಅಡ್ಡಲಾಗಿ. ನಾಲ್ಕು ಕಾಲು, ಮೇಲೆ ಚೌಕಟ್ಟು ಎಂದು ನಿಲ್ಲಿಸಿದರೆ ಬಲವೆಲ್ಲ ಮೂಲೆಯ ಬೆಸುಗೆಯ ಮೇಲೆ. ಹಿಂಬದಿಗೂ ಎರಡು ಪಕ್ಕಕ್ಕೂ ಒಂದೊಂದು ಓರೆಪಟ್ಟಿ ಬಿದ್ದೊಡನೆ ಚೌಕ ತ್ರಿಕೋನಗಳಾಗಿ ಒಡೆಯುತ್ತದೆ, ಓಲಾಟ ನಿಲ್ಲುತ್ತದೆ. ಹಣ ಕಡಿಮೆಯಿದ್ದವರು ಹಲಗೆಯ ದಪ್ಪದಲ್ಲಿ ಉಳಿಸಲಿ, ಓರೆಪಟ್ಟಿಯಲ್ಲಿ ಬೇಡ.

ಒಂದು ಲೆಕ್ಕ ನೋಡೋಣ. 1500 ಮಿ.ಮೀ. ಉದ್ದ, 600 ಮಿ.ಮೀ. ಅಗಲದ ಮೇಜಿಗೆ 50×50×6 ಮಿ.ಮೀ. ಆಂಗಲ್ ಸುಮಾರು 13 ಮೀಟರ್ ಬೇಕಾಗುತ್ತದೆ. ಮೀಟರಿಗೆ ನಾಲ್ಕೂವರೆ ಕಿಲೋ ಲೆಕ್ಕದಲ್ಲಿ ಹತ್ತಿರಹತ್ತಿರ 58 ಕಿಲೋ. ಮೇಲೆ 6 ಮಿ.ಮೀ. ಎಂ.ಎಸ್. ಪ್ಲೇಟ್ ಹಾಸಿದರೆ ಇನ್ನು 42 ಕಿಲೋ. ಒಟ್ಟು ನೂರು. ಗುಜರಿ ಅಂಗಡಿಯಲ್ಲಿ ಹುಡುಕುವವರಿಗೆ ಹಳೆಯ ಚಾನೆಲ್, ದಪ್ಪ ಪ್ಲೇಟುಗಳು ತೂಕದ ಲೆಕ್ಕದಲ್ಲಿ ಸಿಗುತ್ತವೆ. ತುಕ್ಕು ಮೇಲ್ಮೈಯದಷ್ಟೇ ಆಗಿದ್ದರೆ ಹೆದರಬೇಕಿಲ್ಲ. ರೈಲು ಹಳಿಯ ಕೆಳಗಿದ್ದ ಹಳೆಯ ಮರದ ಸ್ಲೀಪರುಗಳ ಬಗ್ಗೆ ಮಾತ್ರ ಎಚ್ಚರ. ಹುಳ ಹಿಡಿಯದಿರಲೆಂದು ಅವಕ್ಕೆ ಕ್ರಿಯೋಸೋಟ್ ಎಂಬ ವಿಷಕಾರಿ ಎಣ್ಣೆ ಕುಡಿಸಿರುತ್ತಾರೆ. ಮುಚ್ಚಿದ ಕೋಣೆಗೆ ಅದು ಸಲ್ಲ.

ವೆಲ್ಡಿಂಗ್ ಮಾಡುವವರಿಗೆ ಆತುರ ಕೂಡದು. ಒಂದು ಮೂಲೆಯನ್ನು ಪೂರ್ತಿ ಬೆಸೆದರೆ ಬೆಸುಗೆ ಆರುವಾಗ ಕುಗ್ಗಿ ಆಂಗಲನ್ನು ತನ್ನತ್ತ ಎಳೆಯುತ್ತದೆ. ಮೊದಲು ಎಲ್ಲ ಮೂಲೆಗೂ ಟ್ಯಾಕ್ ಮಾತ್ರ ಹಾಕಿ ಎರಡು ಕರ್ಣಗಳನ್ನೂ ಟೇಪಿನಿಂದ ಅಳೆಯಬೇಕು. ಮೇಲಿನ ಅಳತೆಯ ಮೇಜಿಗೆ ಅವೆರಡೂ 1615 ಮಿ.ಮೀ. ಆಸುಪಾಸು ಬಂದು ಒಂದಕ್ಕೊಂದು ಸರಿಹೊಂದಬೇಕು. ಆಮೇಲೆ ಎದುರುಬದುರು ಮೂಲೆಗಳನ್ನು ಸರದಿಯಂತೆ ಬೆಸೆಯಬಹುದು.

ಬೆಂಚ್ ವೈಸಿನ ಎತ್ತರವನ್ನು ಐಟಿಐನಲ್ಲಿ ಫಿಟ್ಟರ್ ಕಲಿಯುವ ಹುಡುಗರಿಗೆ ಮೊದಮೊದಲ ಪಾಠಗಳಲ್ಲೇ ಹೇಳಿಕೊಡುತ್ತಾರೆ: ದವಡೆಯ ಮೇಲ್ಭಾಗ ನಿಂತವರ ಮೊಣಕೈ ಮಟ್ಟಕ್ಕಿರಬೇಕು. ಮೊಣಕೈ 1050 ಮಿ.ಮೀ. ಎತ್ತರದಲ್ಲಿದ್ದು ವೈಸ್ 180 ಮಿ.ಮೀ. ಇದ್ದರೆ ಮೇಜಿನ ಎತ್ತರ 870. ಅಂಗಡಿಯ ರೆಡಿಮೇಡ್ ಮೇಜಿಗೆ ಈ ಲೆಕ್ಕ ತಿಳಿಯದು. ವೈಸ್ ಕೂರಬೇಕಾದ್ದು ಕಾಲಿನ ನೇರಕ್ಕೆ, ನಡುಮೇಜಿನಲ್ಲಲ್ಲ. ಸುತ್ತಿಗೆಯ ಪೆಟ್ಟು ಆಗ ನೇರ ನೆಲಕ್ಕಿಳಿಯುತ್ತದೆ. ಅದರ ಸ್ಥಿರ ದವಡೆ ಮೇಜಿನ ಅಂಚಿನಿಂದ ತುಸು ಹೊರಗೆ ಚಾಚಿರಲಿ. ಇಲ್ಲದಿದ್ದರೆ ಉದ್ದದ ಸರಳನ್ನು ನೆಟ್ಟಗೆ ಹಿಡಿಸುವಾಗ ಕೆಳಗೆ ಮೇಜಿನಂಚು ಅಡ್ಡ ಬರುತ್ತದೆ.

ಗ್ರೈಂಡರಿಗೆ ಈ ಮೇಜಿನಲ್ಲಿ ಜಾಗವಿಲ್ಲ. ಅದರ ಕಲ್ಲಿನ ಪುಡಿ ಲೇತ್ ಬೆಡ್ಡಿನ ಎಣ್ಣೆಗೆ ಅಂಟಿದರೆ ಉಜ್ಜಿ ಸವೆಸುತ್ತದೆ. ಕಬ್ಬಿಣದ ಮೇಜಿಗೆ ಮೋಟಾರ್ ಕೂರಿಸಿದ ಮೇಲೆ ಅರ್ಥಿಂಗ್ ತಂತಿಯನ್ನು ಮರೆಯುವಂತಿಲ್ಲ.

ಕೊನೆಗೆ ಪರೀಕ್ಷೆ. ಪಾದಗಳ ಬೋಲ್ಟ್ ತಿರುಗಿಸಿ ಮೇಜನ್ನು ಮಟ್ಟಕ್ಕೆ ತಂದು, ಲೇತನ್ನು ಬಿಗಿದು, ದಪ್ಪ ಸರಳೊಂದನ್ನು ಚಕ್ಕಿನಲ್ಲಷ್ಟೇ ಹಿಡಿಸಬೇಕು. ಚಕ್ಕಿನ ಬಳಿ ಒಂದು ಪಟ್ಟಿ, ತುದಿಯಲ್ಲೊಂದು ಪಟ್ಟಿ ಬಿಟ್ಟು, ಟೂಲಿನ ಹೊಂದಿಕೆ ಬದಲಿಸದೆ ಎರಡನ್ನೂ ಒಂದೇ ಸಲಕ್ಕೆ ನವಿರಾಗಿ ಕಡೆದು ಅಳೆಯಬೇಕು. ಅಳತೆ ಬೇರೆ ಬಂದರೆ ಲೇತಿನ ಟೇಲ್‌ಸ್ಟಾಕ್ ತುದಿಯ ಒಂದು ಬೋಲ್ಟಿನ ಕೆಳಗೆ ತೆಳು ಹಿತ್ತಾಳೆ ಶಿಮ್ ತೂರಿಸಿ ಮತ್ತೆ ಕಡೆಯುವುದು. ಮೇಲ್ಹಲಗೆ ಮರದ್ದಾಗಿದ್ದರೆ, ಅದರಲ್ಲೂ ಮಲೆನಾಡು, ಕರಾವಳಿಯಲ್ಲಿ, ಮಳೆಗಾಲಕ್ಕೊಮ್ಮೆ, ಬೇಸಿಗೆಗೊಮ್ಮೆ ಇದನ್ನೇ ಮಾಡಬೇಕಾಗುತ್ತದೆ. ಮರ ತೇವ ಹೀರಿ ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ, ಶಿಮ್ಮಿನ ಲೆಕ್ಕ ಆಗ ಬದಲಾಗುತ್ತದೆ.